ಒಂದು ಸಾಲಿನ ಬೆಣೆ

ಪತ್ರಿಕಾ ಕಚೇರಿಯ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಿದ್ದ ಹೆಂಗಸು ಯಾರೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ಆದರೂ ಗೊತ್ತಾಗಿಹೋಯಿತು. ಮೆಟ್ಟಿಲು ಹತ್ತಿ ಬರುವಾಗ ಮೊದಲು ಕಂಡದ್ದು ಆಕೆಯ ಮಡಿಲಲ್ಲಿದ್ದ ಪತ್ರಿಕೆ. ಎರಡನೇ ಪುಟ ಹೊರಗೆ ಬರುವ ಹಾಗೆ, ಅದರಲ್ಲೂ ಕೆಳಗಿನ ಎಡಮೂಲೆ ಮೇಲಾಗುವ ಹಾಗೆ ಅಚ್ಚುಕಟ್ಟಾಗಿ ಮಡಚಿದ್ದು. ಊರಿನ ಮಂದಿ ಪತ್ರಿಕೆಯನ್ನು ಹೇಗೆ ಹೇಗೋ ಮಡಚುತ್ತಾರೆ, ಗಾಳಿ ಹಾಕಿಕೊಳ್ಳಲಿಕ್ಕೆ, ನೊಣ ಹೊಡೆಯಲಿಕ್ಕೆ, ಬಸ್ಸಿನ ಸೀಟಿನ ಧೂಳು ಒರೆಸಲಿಕ್ಕೆ. ಆದರೆ ಕೆಳಗಿನ ಎಡಮೂಲೆ ಕಾಣಲಿ ಎಂದು ಮಡಚಿದವರನ್ನು ಅವಳು ನೋಡಿರಲಿಲ್ಲ. ಆ ಮೂಲೆ ಅವಳದು. ಕೆಲಸಕ್ಕೆ ಸೇರಿದಂದಿನಿಂದ ಊರಿನಲ್ಲಿ ಬಿದ್ದವರು, ಮುಳುಗಿದವರು, ಗುದ್ದಿಸಿಕೊಂಡವರು ಎಲ್ಲರೂ ಅವಳ ಬೆರಳಿನ ಕೆಳಗೆ ಹಾದು ಆ ಮೂಲೆಗೆ ಹೋಗಿ ಮಲಗುತ್ತಿದ್ದರು. ಮರುದಿನ ಅವರ ಜಾಗದಲ್ಲಿ ಬೇರೆಯವರು. ಅವಳು ಮೊಬೈಲಿನಲ್ಲಿ ಏನೋ ಓದುತ್ತಿರುವವಳಂತೆ ತಲೆ ತಗ್ಗಿಸಿ ಬೆಂಚನ್ನು ದಾಟಿದಳು. ದಾಟುವಾಗ ಆಕೆಯ ಚಪ್ಪಲಿ ಕಂಡವು. ಬೇರೆಬೇರೆ ಜೊತೆಯವು, ಒಂದು ಕಂದು, ಇನ್ನೊಂದು ಕಪ್ಪು.

"ನಿನ್ನ ಹುಡುಕ್ಕೊಂಡು ಅಂತೇನಲ್ಲ," ಎಂದ ಬಾಗಿಲು ಕಾಯುವ ಅಣ್ಣ, ಹಿಂದೆಯೇ ಬಂದು ಅವಳ ಮೇಜಿಗೆ ಒರಗಿ. "ನೋಡಿದವರು ಬೇಕಂತೆ."

"ಏನು ನೋಡಿದವರು?"

"ಅದೇ ನಂಗೂ ಅರ್ಥ ಆಗ್ಲಿಲ್ಲ. ಪೇಪರಲ್ಲಿ ಬರೆದೋರು ನೋಡಿರ್ತಾರಲ್ಲ, ಅವರನ್ನ ಕರೀರಿ ಅಂತಾರೆ. ನೀನೇ ಹೋಗಿ ಮಾತಾಡ್ಸು ಮಾರಾಯ್ತಿ. ನನ್ನ ಕೈಲಾಗಲ್ಲ. ಅತ್ತಿದ್ರೆ ಏನಾದ್ರೂ ಹೇಳ್ಬಹುದಿತ್ತು, ಅವರು ಅಳ್ತಾನೂ ಇಲ್ಲ."

ಮೊನ್ನೆ ಸಂಜೆ ಫೋನು ಬಂದಾಗ ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಎದುರುಗಡೆ ಕಟ್ಟಡದ ಗಾಜಿನಲ್ಲಿ ಮೋಡವೊಂದು ಮುರಿದು, ಪಕ್ಕದ ಗಾಜಿನಲ್ಲಿ ಕೂಡಿಕೊಳ್ಳುತ್ತಿತ್ತು. ಅಪರಾಧ ಸುದ್ದಿ ತರುವವರನ್ನು ಕಚೇರಿಯಲ್ಲಿ ಎಲ್ಲರೂ ಸ್ಟೇಷನ್ ಮಾವ ಎನ್ನುತ್ತಿದ್ದರು. ಅವರು ಠಾಣೆಗೆ ಹೋಗುವುದನ್ನು ಬಿಟ್ಟು ಫೋನಿನಲ್ಲೇ ಸಂಸಾರ ನಡೆಸತೊಡಗಿ ಬಹಳ ಕಾಲವಾಗಿತ್ತು. "ಬರ್ಕೊಳ್ಳೆ. ಕಾಲುವೆ ರಸ್ತೆ ತಿರುವು. ಬೆಳಿಗ್ಗೆ. ಸೈಕಲ್ಲು, ಕಾರು. ಸೈಕಲ್ನೋರು ಹೋದ್ರು." ಅಷ್ಟೇ? ಅಷ್ಟೇ. ಹೆಸರು? "ಆಮೇಲೆ ಕೇಳ್ತೀನಿ, ಬಾಯಲ್ಲಿ ಅನ್ನ ಇದೆ." ಆಮೇಲೆ ಅವರು ಕೇಳಲಿಲ್ಲ, ಇವಳೂ ಕೇಳಲಿಲ್ಲ. ಬರೆದಳು. ಪುಟದಲ್ಲಿ ಕೂರಿಸಿದಾಗ ಒಂದು ಸಾಲು ಕಡಿಮೆ ಬಿತ್ತು. ಸುದ್ದಿಯ ಚೌಕದ ತಳದಲ್ಲಿ ಒಂದು ಬಿಳಿ ಪಟ್ಟಿ, ಹಲ್ಲು ಬಿದ್ದ ಬಾಯಿಯ ಹಾಗೆ. ಪುಟ ನೋಡಿಕೊಳ್ಳುವ ಹಿರಿಯರು ದೂರದಿಂದಲೇ ಅದನ್ನು ಕಂಡರು. ಯಾರ ಬರಹವನ್ನೂ ಕತ್ತರಿಸದೆ ಬಿಡದ ಅವರನ್ನು ಹಿಂದಿನಿಂದ ಕತ್ತರಿ ಎಂದೂ ಮುಂದಿನಿಂದ ಕತ್ತರಿ ಸರ್ ಎಂದೂ ಕರೆಯುವ ರೂಢಿ. "ಬೆಣೆ ಹೊಡಿ ತಾಯಿ, ಪುಟ ಹೋಗ್ಬೇಕು," ಎಂದರು. ಬೆಣೆ ಎಂದರೆ ಸಡಿಲ ಬಿದ್ದಲ್ಲಿ ತುರುಕುವ ಸಾಲು. ಎಲ್ಲರ ಹತ್ತಿರವೂ ಕೆಲವು ಇರುತ್ತವೆ. ಹೆಲ್ಮೆಟ್ ಧರಿಸಿರಲಿಲ್ಲ ಎಂಬುದು ಒಂದು, ಸ್ಥಳದಲ್ಲಿ ಜನ ಜಮಾಯಿಸಿದ್ದರು ಎಂಬುದು ಇನ್ನೊಂದು. ಅವಳು ಬೇರೆಯದನ್ನು ಆರಿಸಿದಳು: ಸೈಕಲ್ ಸವಾರ ಏಕಾಏಕಿ ಅಡ್ಡ ಬಂದಿದ್ದೇ ಘಟನೆಗೆ ಕಾರಣ ಎನ್ನಲಾಗಿದೆ. ಅಳೆದು ಹೊಲಿದ ಹಾಗೆ ಕೂತಿತು. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಆಗ ಒಳಗೆಲ್ಲೋ ಸಣ್ಣಗೆ ಖುಷಿಯಾದದ್ದು ಅವಳಿಗೆ ಈಗ, ಬೆಂಚಿನ ಕಡೆಗೆ ನಡೆಯುವಾಗ, ಬಾಯಲ್ಲಿ ಕಬ್ಬಿಣದ ರುಚಿಯಂತೆ ನೆನಪಾಯಿತು. ಮೇಲೆ ಒಂದು ಚಿತ್ರ ಬೇರೆ. ಸೈಕಲ್ ಸುದ್ದಿಗೆಲ್ಲ ಹಾಕುವ, ಮುಂದಿನ ಚಕ್ರ ಸೊಟ್ಟಗಾಗಿ ಬಿದ್ದ ಅದೇ ಹಳೆಯ ಸೈಕಲ್ಲು. ಎಷ್ಟು ಜನ ಆ ಒಂದೇ ಸೈಕಲ್ಲಿನಿಂದ ಬಿದ್ದು ಸತ್ತಿದ್ದರೋ.

ಆಕೆ ಎದ್ದು ನಿಲ್ಲಲಿಲ್ಲ, ಸರಿದು ಪಕ್ಕದಲ್ಲಿ ಜಾಗ ಮಾಡಿದಳು.

"ನೀನಾ ಬರೆದಿದ್ದು?"

"ಅಲ್ಲ," ಎಂದಳು ಅವಳು. ಮಾತು ತಾನಾಗಿಯೇ ಹೊರಗೆ ಬಂದಿತ್ತು. "ಬರೆದವರು ಹೊರಗೆ ಹೋಗಿದಾರೆ ಅಮ್ಮ."

"ಬರ್ತಾರಲ್ಲ?"

"ಸಂಜೆ ಆಗ್ಬಹುದು."

"ಆಗ್ಲಿ ಬಿಡು, ನಂಗೇನು ಅವಸರ. ಮನೆಗೆ ಹೋದ್ರೂ ಬಾಗಿಲು ನೋಡ್ಕೊಂಡು ಕೂರೋದೇ. ಇಲ್ಲೂ ಒಂದು ಬಾಗಿಲಿದೆ." ಆಕೆ ಪತ್ರಿಕೆಯನ್ನು ಮಂಡಿಯ ಮೇಲೆ ಸರಿಪಡಿಸಿಕೊಂಡಳು. "ಜಗಳಕ್ಕೆ ಬಂದಿಲ್ಲ ಕಣಮ್ಮ, ಹೆದರ್ಬೇಡ. ಅಡ್ಡ ಬಂದ್ರು ಅಂತ ಬರೆದಿದೆ. ಬಂದಿರ್ಬಹುದು. ನಮ್ಮನೆಯವರು ಎಂಥಾ ಮನುಷ್ಯ ಅಂದ್ರೆ ಖಾಲಿ ರಸ್ತೆ ದಾಟೋಕೂ ಆ ಕಡೆ ಈ ಕಡೆ ನೋಡಿ, ಮತ್ತೆ ಆ ಕಡೆ ನೋಡೋರು. ನನ್ನ ತಮ್ಮ ಆಮೆ ಭಾವ ಅಂತಾನೇ ಕರೀತಿದ್ದ. ಆದ್ರೂ ಅವತ್ತು ಏನೋ ಆಗಿರ್ಬಹುದು, ನೋಡಿದೋರೇ ಹೇಳ್ತಿದಾರಲ್ಲ. ನಂಗೆ ಬೇಕಾಗಿರೋದು ಅಷ್ಟೇ. ಹೇಗೆ ಬಂದ್ರು, ಮುಖ ಹೇಗಿತ್ತು, ಏನಾದ್ರೂ ಕೂಗಿದ್ರಾ. ಕಡೇದಾಗಿ ಅವರನ್ನ ನೋಡಿದೋರು ಒಬ್ಬರಾದ್ರೂ ಇದಾರಲ್ಲ ಅಂತ ನಿನ್ನೆ ಇದನ್ನ ಓದಿದಾಗಿಂದ ನಂಗೊಂಥರಾ ಸಮಾಧಾನ. ಇಲ್ದಿದ್ರೆ ಒಬ್ಬರೇ ಹೋದ್ರಲ್ಲ ಅನ್ನೋದೇ ಕೊರೀತಿತ್ತು."

ಅವಳು ನೆಲ ನೋಡಿದಳು. ನೆಲದ ಟೈಲ್ಸಿನ ಮೇಲೆ ಯಾರದೋ ಚಹಾದ ಲೋಟದ ಗುರುತು, ಅರ್ಧ ಚಂದ್ರನಂತೆ.

"ಫೋಟೋ ಮಾತ್ರ ಬೇರೆ ಯಾರದೋ ಹಾಕ್ಬಿಟ್ಟಿದೀರ," ಎಂದಳು ಆಕೆ, ಮನೆಗೆ ಬಂದ ಮಕ್ಕಳ ಸಣ್ಣ ತಪ್ಪು ತೋರಿಸುವ ದನಿಯಲ್ಲಿ. "ನಮ್ಮದಕ್ಕೆ ಹಿಂದೆ ಕ್ಯಾರಿಯರ್ ಇದೆ. ಇದಕ್ಕಿಲ್ಲ. ಹೋಗ್ಲಿ, ಅದೇನು ದೊಡ್ಡ ವಿಷಯ. ನಂಗೆ ಬೇಜಾರಾಗಿದ್ದು ಕೈ ನೋಡಿ. ಕನ್ನಡಕದ ಅಂಗಡೀಲಿ ಗಾಜು ಉಜ್ಜೋ ಕೆಲಸ ಅವರದು. ಬೆರಳು ಅಂದ್ರೆ ಅವರಿಗೆ ಪ್ರಾಣ. ಮನೇಲಿ ಎಣ್ಣೆ ಡಬ್ಬಿ ಮುಟ್ಟಲ್ಲ, ಗಾಜಿಗೆ ಗುರುತು ಬೀಳುತ್ತೆ ಅಂತ. ಆಸ್ಪತ್ರೇಲಿ ನೋಡಿದ್ರೆ ಎರಡೂ ಕೈ ತುಂಬ ಕಪ್ಪು ಗ್ರೀಸು, ಉಗುರಿನ ಸಂದಿಗೆಲ್ಲ. ಸೋಪು ಹಾಕಿ ಎಷ್ಟು ಉಜ್ಜಿದ್ರೂ ಹೋಗ್ಲಿಲ್ಲ. ಹಾಗೇ ಕಳಿಸಿದ್ವಿ. ಎಷ್ಟು ಬೈಕೊಂಡ್ರೋ ಏನೋ ಒಳಗೊಳಗೇ."

ಅವಳು ಚಿಕ್ಕವಳಿದ್ದಾಗ ಅಜ್ಜಿಯ ಕನ್ನಡಕದ ಒಂದು ಕಡ್ಡಿ ಮುರಿದು ದಾರ ಕಟ್ಟಿತ್ತು. ಆ ದಾರವನ್ನು ಕಿವಿಗೆ ಸುತ್ತಿಕೊಂಡೇ ಅಜ್ಜಿ ಕಥೆ ಶುರುಮಾಡುತ್ತಿದ್ದದ್ದು, ಕಣ್ಣು ಸರಿಯಾಗಿ ಕಾಣದಿದ್ದರೆ ಕಥೆಯ ದಾರಿಯೂ ಕಾಣುವುದಿಲ್ಲವೇನೋ ಎಂಬ ಹಾಗೆ. ಮಗು ಹೂಂಗುಡಬೇಕು. ಹೂಂ ನಿಂತರೆ ಕಥೆಯೂ ಅಲ್ಲೇ ನಿಲ್ಲುತ್ತಿತ್ತು, ರಾಜಕುಮಾರಿಯ ಒಂದು ಕಾಲು ಹೊಳೆಯಲ್ಲಿ, ಇನ್ನೊಂದು ದಡದಲ್ಲಿ. ಒಮ್ಮೆ ಅಜ್ಜಿ, ನಿದ್ದೆ ಬಂತೋ ಸುಸ್ತಾಯಿತೋ, ಕಟ್ಟಿಗೆ ಮಾರುವವನು ಕಾಡಿಗೆ ಹೋದ, ಸತ್ತುಹೋದ, ಕಥೆ ಮುಗೀತು ಎಂದುಬಿಟ್ಟಳು. ಯಾರು ಕೊಂದದ್ದು? ಯಾರೂ ಇಲ್ಲ, ಮಲಕ್ಕೋ. ಯಾರೂ ಇಲ್ಲದೆ ಹೇಗೆ ಸಾಯ್ತಾನೆ? ಮಗು ಅತ್ತು ಅತ್ತು ಮನೆಯನ್ನೇ ಎಬ್ಬಿಸಿತು. ಕೊನೆಗೆ ಅಜ್ಜಿ ಎದ್ದು ಕೂತು, ಮತ್ತೆ ದಾರ ಸುತ್ತಿಕೊಂಡು, ಬಿಟ್ಟುಹೋದದ್ದನ್ನೆಲ್ಲ ಮೊದಲಿನಿಂದ ಹೇಳಬೇಕಾಯಿತು. "ಯಾರು ಮಾಡಿದ್ದು ಅಂತ ಗೊತ್ತಾಗ್ದಿದ್ರೆ ಇವಳಿಗೆ ಮಂಚದ ಕೆಳಗೆ ಯಾರೋ ಕೂತಂಗೆ ಅನ್ಸುತ್ತೆ," ಎಂದು ಬೆಳಿಗ್ಗೆ ಎಲ್ಲರ ಮುಂದೆ ನಕ್ಕಳು. ಆ ಮಗು ಎಲ್ಲಿ ಹೋಯಿತು? ಸೈಕಲ್ಲು, ಕಾರು, ಹೋದ್ರು. ಅದಕ್ಕೆ ಹೂಂ ಎಂದು ಟೈಪು ಮಾಡಿದ್ದು ಯಾವ ಮಗು?

"ಗ್ರೀಸು," ಎಂದಳು ಅವಳು ತಟ್ಟನೆ. "ಚೈನಿನದ್ದು."

"ಇರ್ಬಹುದು. ಅದು ಆಗಾಗ ಕಳಚ್ತಿತ್ತು. ಹೊಸದು ಹಾಕ್ಸಿ ಅಂದ್ರೆ, ಇದು ಇನ್ನೂ ನನ್ನ ಮಾತು ಕೇಳುತ್ತೆ ಅನ್ನೋರು."

ಓಡುವ ಸೈಕಲ್ಲಿನ ಚೈನನ್ನು ಯಾರೂ ಎರಡು ಕೈಯಲ್ಲಿ ಹಿಡಿಯುವುದಿಲ್ಲ. ಇದು ಯೋಚನೆಯಾಗಿ ಬರಲಿಲ್ಲ, ಚಿತ್ರವಾಗಿ ಬಂತು. ರಸ್ತೆಯಂಚಿನಲ್ಲಿ ಬಗ್ಗಿದ ಬೆನ್ನು, ಬೆರಳು ಕೊಳೆಯಾಗುತ್ತಿದೆಯಲ್ಲ ಎಂದು ಗಂಟಿಕ್ಕಿದ ಹುಬ್ಬು. ಅಡ್ಡ ಬರುವುದಿರಲಿ, ಆ ಮನುಷ್ಯ ಎಲ್ಲಿಗೂ ಹೋಗುತ್ತಲೇ ಇರಲಿಲ್ಲ. ಅವಳು ಎದ್ದಳು. ಏನು ಹೇಳಿ ಎದ್ದಳೋ ನೆನಪಿಲ್ಲ. ಬಹುಶಃ ಈಗ ಬರ್ತೀನಿ ಎಂದಿರಬೇಕು. ಮೆಟ್ಟಿಲಿಳಿಯುವಾಗ ಎಲ್ಲಿಗೆ ಹೋಗಬೇಕೆಂಬುದರಲ್ಲಿ ಅನುಮಾನವಿರಲಿಲ್ಲ, ಮತ್ತು ಆ ಅನುಮಾನವಿಲ್ಲದಿರುವಿಕೆ ಅವಳಿಗೇ ಹೊಸದಾಗಿತ್ತು. ತರಕಾರಿ ತರಲು ಹೋಗಿ ಮೋಡ ನೋಡುತ್ತ ಖಾಲಿ ಚೀಲದೊಂದಿಗೆ ವಾಪಸು ಬರುವವಳೆಂದು ಮನೆಯಲ್ಲಿ ಹೆಸರಾದವಳು ಈಗ ಎರಡೂ ಬದಿಯ ಅಂಗಡಿಗಳಲ್ಲಿ ಒಂದನ್ನೂ ಕಾಣದೆ ನಡೆದಳು. ಕಾಲುವೆ ರಸ್ತೆಯ ತಿರುವಿನಲ್ಲಿ ಮಾತ್ರ ನಿಂತಳು. ಅಗಲವಾದ, ಬೋಳು ರಸ್ತೆ. ಅಂಚಿನಲ್ಲಿ ಬಿಳಿ ಗೆರೆ, ಗೆರೆಯಾಚೆ ಒಬ್ಬ ಮನುಷ್ಯ ಮತ್ತು ಒಂದು ಸೈಕಲ್ಲು ಆರಾಮಾಗಿ ನಿಲ್ಲುವಷ್ಟು ಮಣ್ಣು. ಆ ಮಣ್ಣಿನ ಮೇಲೆ, ಗೆರೆಯಿಂದ ಒಳಗೆ, ಗಾಜಿನ ಪುಡಿ. ಬಿಸಿಲು ಅದರ ಮೇಲೆ ಬಿದ್ದು ಅವಳ ಕಣ್ಣು ಚುಚ್ಚಿತು. ಬಗ್ಗಿ ನೋಡಿದಳು. ಕಾರಿನ ದೀಪದ ಗಾಜೋ, ಆ ಮನುಷ್ಯ ಅಂಗಡಿಗೆ ಒಯ್ಯುತ್ತಿದ್ದ ಯಾರದೋ ಕನ್ನಡಕವೋ. ಎರಡರಲ್ಲಿ ಯಾವುದೆಂದು ಅವಳಿಗೆ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಎಂದು ಮನಸ್ಸಿನಲ್ಲಿ ಸ್ಪಷ್ಟವಾಗಿ ಹೇಳಿಕೊಂಡಳು.

ಠಾಣೆಯಲ್ಲಿ ಕಡತ ಬರೆಯುವ ಪೇದೆಗೆ ಅವಳ ದನಿ ಫೋನಿನಲ್ಲಿ ಪರಿಚಯ, ಮುಖ ಹೊಸದು.

"ಓಹೋ, ಪೇಪರಮ್ಮ! ನಿಮ್ಮ ಮಾವನ ಕಾಲಿಗೆ ಏನಾಯ್ತು, ನಿಮ್ಮನ್ನ ಅಟ್ಟಿದಾರೆ?"

"ಕಾಲುವೆ ರಸ್ತೆದು. ಕಾರಿನವರು ಏನು ಹೇಳಿದಾರೆ ಸರ್?"

"ಎಂಥಾ ಹೇಳೋದು. ಮೊನ್ನೆ ಬಂದಾಗ, ಬಿಸಿಲು ಕಣ್ಣಿಗೆ ಹೊಡೀತು, ಏನೂ ಕಾಣ್ಲಿಲ್ಲ, ಸದ್ದು ಕೇಳಿದ್ಮೇಲೇ ಗೊತ್ತಾಗಿದ್ದು ಅಂದ್ರು. ನಿನ್ನೆ ಮತ್ತೆ ಬಂದ್ರು. ಈಗ ನೆನಪಾಯ್ತಂತೆ. ಸೈಕಲ್ಲು ಏಕಾಏಕಿ ಅಡ್ಡ ಬಂತಂತೆ."

"ಏಕಾಏಕಿ ಅಂತಾನೇ ಅಂದ್ರಾ?"

"ಅದೇ ಮಾತು. ನಿಮ್ಮ ಪೇಪರ್ ಕೈಲಿ ಹಿಡ್ಕೊಂಡೇ ಬಂದಿದ್ರು. ಪೇಪರಲ್ಲೂ ಬಂದಿದೆ, ಇವರೂ ಹೇಳ್ತಿದಾರೆ, ತಾಳೆ ಆಯ್ತಲ್ಲ ಅಂತ ಬರ್ಕೊಂಡ್ವಿ."

"ನಮಗೆ ಹಾಗಂತ ಯಾರು ಹೇಳಿದ್ದು ಸರ್?"

ಪೇದೆ ತಲೆಯೆತ್ತಿ ನೋಡಿದ. "ಚೆನ್ನಾಗಿದೆ! ನೀವು ಬರೆದಿದ್ದನ್ನ ನಿಮಗೆ ಯಾರು ಹೇಳಿದ್ದು ಅಂತ ನಾನು ಹೇಳ್ಬೇಕಾ? ನಾನು ಮಾವನಿಗೆ ಸೈಕಲ್ಲು, ಕಾರು ಅಂದೆ. ಅಷ್ಟೇ ಅಂದಿದ್ದು."

ಸೈಕಲ್ಲು ಹಿತ್ತಲ ಗೋಡೆಗೆ ಒರಗಿತ್ತು. ನೋಡ್ಕೊಳ್ಳಿ, ಅದೆಲ್ಲಿಗೆ ಓಡಿಹೋಗುತ್ತೆ ಎಂದ ಪೇದೆ, ತಾನೂ ಹಿಂದೆಯೇ ಬಂದ. ಮುಂದಿನ ಚಕ್ರ ದುಂಡಗೆ, ನೆಟ್ಟಗೆ ಇತ್ತು. ಹಿಂದಿನದು ಒಳಕ್ಕೆ ಕುಸಿದಿತ್ತು. ಕ್ಯಾರಿಯರ್ ಇತ್ತು. ಚೈನು ಹಲ್ಲುಗಳಿಂದ ಪೂರ್ತಿ ಕಳಚಿ ಇಳಿಬಿದ್ದಿತ್ತು. ಗುದ್ದಿದಾಗ ಕಳಚಿರ್ಬಹುದಲ್ಲ ಎಂದ ಅವನು. ಇರಬಹುದು ಎಂದಳು ಅವಳು, ಮತ್ತು ಕುಳಿತು ಕೆಳಗೆ ನೋಡಿದಳು. ಹಿಂದಿನ ಸ್ಟ್ಯಾಂಡು ಕೆಳಗಿಳಿದೇ ಇತ್ತು, ಇಳಿದ ಸ್ಥಿತಿಯಲ್ಲೇ ತಿರುಚಿಕೊಂಡು ಕೊಕ್ಕೆಯಂತೆ ಬಾಗಿತ್ತು. ಕಾಲಿನಿಂದ ಮೇಲೆತ್ತಲು ನೋಡಿದಳು. ಮಡಚಲಿಲ್ಲ. ಪೇದೆ ತಾನೂ ಬೂಟುಗಾಲಿನಿಂದ ಒದ್ದು ನೋಡಿದ. ಮಡಚಲಿಲ್ಲ.

"ಸ್ಟ್ಯಾಂಡ್ ಹಾಕ್ಕೊಂಡು ಯಾರಾದ್ರೂ ಸೈಕಲ್ ಹೊಡೀತಾರಾ ಸರ್?"

ಅವನು ನಗಲು ಹೋಗಿ ಅರ್ಧಕ್ಕೆ ನಿಲ್ಲಿಸಿದ. ಬಗ್ಗಿ ಸ್ಟ್ಯಾಂಡನ್ನು ಮುಟ್ಟಿ ನೋಡಿದ. "ಇದನ್ನ ಯಾರೂ ಬಗ್ಗಿ ನೋಡಿಲ್ಲ," ಎಂದ ಮೆಲ್ಲಗೆ. "ನೀವು ಬರೀರಿ. ಬರೆದ್ರೆ ಮೇಲಿನವರು ಕೇಳ್ತಾರೆ. ಕೇಳಿದ್ರೆ ನಾನು ತೋರಿಸ್ತೀನಿ."

ವಾಪಸು ಬರುವ ದಾರಿ ಉದ್ದವಾಗಿತ್ತು. ಬರೆಯುವುದು ಸುಲಭ, ಮಾತುಗಳು ಆಗಲೇ ತಲೆಯಲ್ಲಿ ಸಾಲುಗಟ್ಟಿ ನಿಂತಿದ್ದವು. ಬೆಂಚಿನ ಮುಂದೆ ನಿಲ್ಲುವುದೇ ಕಷ್ಟ. ಹಿಂಬಾಗಿಲಿನಿಂದ ಹೋಗಬಹುದಿತ್ತು, ಕ್ಯಾಂಟೀನಿನ ಪಕ್ಕದಿಂದ, ಖಾಲಿ ಸಿಲಿಂಡರುಗಳ ನಡುವಿನಿಂದ. ಬರೆದು, ಅಚ್ಚಾಗಿ, ನಾಳೆ ಆಕೆ ಓದಿಕೊಳ್ಳಲಿ. ಮುಖ ಯಾಕೆ ನೋಡಬೇಕು. ಹಿಂಬಾಗಿಲಿನವರೆಗೆ ಹೋದಳು ಕೂಡ. ಹಿಡಿಯ ಮೇಲೆ ಕೈಯಿಟ್ಟಾಗ ತನ್ನ ಬೆರಳುಗಳಿಗೆ ಕಪ್ಪು ಹತ್ತಿರುವುದು ಕಂಡಿತು, ಚೈನನ್ನು ಮುಟ್ಟಿದ್ದು ಯಾವಾಗಲೋ ಏನೋ. ಸುತ್ತಿ ಮುಂಬಾಗಿಲಿಗೇ ಬಂದಳು.

ಆಕೆ ಹಾಗೆಯೇ ಕೂತಿದ್ದಳು. ಬಾಗಿಲು ಕಾಯುವ ಅಣ್ಣ ತಂದಿಟ್ಟ ಚಹಾ ಪಕ್ಕದಲ್ಲಿ ಕೆನೆಗಟ್ಟಿತ್ತು.

"ಬಂದ್ರಾ ಅವರು?"

"ಅಮ್ಮ, ಬರೆದಿದ್ದು ನಾನೇ."

"ಹೂಂ."

"ಆಗ್ಲೇ ಸುಳ್ಳು ಹೇಳ್ದೆ. ನಾನು ಅಲ್ಲಿ ಇರ್ಲಿಲ್ಲ. ಏನೂ ನೋಡಿಲ್ಲ."

"ಹೂಂ."

"ಅಡ್ಡ ಬಂದ್ರು ಅಂತ ನಂಗೆ ಯಾರೂ ಹೇಳಿಲ್ಲ. ಒಂದು ಸಾಲು ಜಾಗ ಉಳಿದಿತ್ತು. ತುಂಬೋಕೆ ಬರೆದೆ."

ಈ ಸಲ ಹೂಂ ಬರಲಿಲ್ಲ. ಕಥೆ ಅಲ್ಲೇ ನಿಂತಿತು. ಹೊಡೆಯಲಿ ಎಂದುಕೊಂಡಳು ಅವಳು, ಮುಖದ ಮೇಲೆ ಪತ್ರಿಕೆ ಎಸೆಯಲಿ. ಆಕೆ ಪತ್ರಿಕೆಯ ಮಡಿಕೆಯನ್ನು ಉಗುರಿನಿಂದ ತೀಡುತ್ತಿದ್ದಳು, ತೀಡಿದ್ದನ್ನೇ ತೀಡುತ್ತಿದ್ದಳು.

"ಹಾಗಾದ್ರೆ ನೋಡಿದೋರು ಯಾರೂ ಇಲ್ಲ."

"ಇಲ್ಲಮ್ಮ. ಕಾರು ಓಡಿಸ್ತಿದ್ದವರೂ ನೋಡಿಲ್ಲ."

"ಒಬ್ಬರೇ ಇದ್ರು."

"ನಿಂತಿದ್ರು ಅನ್ಸುತ್ತೆ. ರಸ್ತೆಯಿಂದ ಹೊರಗೆ, ಗೆರೆಯಾಚೆ. ಸೈಕಲ್ ಸ್ಟ್ಯಾಂಡ್ ಹಾಕಿ ಚೈನ್ ಏರಿಸ್ತಿದ್ರು ಅಂತ ಕಾಣುತ್ತೆ. ಸೈಕಲ್ ನೋಡಿ ಬಂದೆ." ಅವಳು ಕಪ್ಪಾದ ಬೆರಳುಗಳನ್ನು ಚಾಚಿದಳು. ಯಾಕೆ ಚಾಚಿದಳೋ. ಆಕೆ ಆ ಬೆರಳುಗಳನ್ನು ಹಿಡಿದು, ತಿರುಗಿಸಿ ನೋಡಿ, ಉಗುರಿನ ಸಂದಿಯನ್ನೂ ನೋಡಿ, ಬಿಟ್ಟಳು. ಕ್ಷಮಿಸಿದಂತೆ ಕಾಣಲಿಲ್ಲ.

"ಬುದ್ಧಿ ಇಲ್ವಾ ನಿಂಗೆ," ಎಂದಳು. ದನಿ ಮೊದಲ ಸಲ ಒಡೆಯಿತು. "ನಿನ್ನೆಯಿಂದ ಮನಸ್ಸಲ್ಲೇ ಅವರನ್ನ ಬೈತಿದೀನಲ್ಲೇ, ಯಾಕ್ರೀ ಅಡ್ಡ ಹೋದ್ರಿ ಅಂತ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಹೋಗು. ಈಗ ಹೇಳಿದ್ಯಲ್ಲ, ಹಾಗೇ ಬರಿ. ಬರೆದು ನಂಗೆ ತೋರಿಸಿ ಆಮೇಲೆ ಕಳಿಸು. ನಾನು ಏಳಲ್ಲ ಇಲ್ಲಿಂದ."

ಅವಳು ಬರೆದುಕೊಟ್ಟದ್ದನ್ನು ಕತ್ತರಿ ಸರ್ ಓದಿದರು: ಮೊನ್ನೆ ಬೆಳಿಗ್ಗೆ ಕಾಲುವೆ ರಸ್ತೆಯ ತಿರುವಿನಲ್ಲಿ ವ್ಯಕ್ತಿಯೊಬ್ಬರು ಓಡಿಸುತ್ತಿದ್ದ ಕಾರು ಡಿಕ್ಕಿಯಾಗಿ, ಕನ್ನಡಕದ ಗಾಜು ಉಜ್ಜುವ ಕೆಲಸದವರೊಬ್ಬರು ಮೃತಪಟ್ಟರು. ಬಿಸಿಲಿಗೆ ತಮಗೇನೂ ಕಾಣಲಿಲ್ಲ ಎಂದು ಕಾರು ಓಡಿಸುತ್ತಿದ್ದವರು ಅಂದು ಪೊಲೀಸರಿಗೆ ಹೇಳಿದ್ದರು. ಸೈಕಲ್ ಅಡ್ಡ ಬಂತು ಎಂದು ಮರುದಿನ ಈ ಪತ್ರಿಕೆ ಬರೆದಿತ್ತು. ಹಾಗೆಂದು ನಮಗೆ ಯಾರೂ ಹೇಳಿರಲಿಲ್ಲ. ಅದು ಜಾಗ ತುಂಬಲು ಬರೆದ ಸಾಲು. ಅವರ ಸೈಕಲ್ಲಿನ ಚೈನು ಕಳಚಿದೆ, ಸ್ಟ್ಯಾಂಡು ಇಳಿಸಿದ ಸ್ಥಿತಿಯಲ್ಲೇ ಬಾಗಿದೆ. ಪ್ರಕಟಿಸಿದ್ದ ಚಿತ್ರ ಅವರ ಸೈಕಲ್ಲಿನದಲ್ಲ.

"ತಿದ್ದುಪಡಿ ಅಂದ್ರೆ ಗಣ್ಯರ ಹೆಸರು ತಪ್ಪಾದಾಗ ಹಾಕೋದು ತಾಯಿ," ಎಂದರು ಅವರು. "ಈ ಮೂಲೆಗೆ ಯಾರಾದ್ರೂ ತಿದ್ದುಪಡಿ ಹಾಕ್ತಾರಾ? ನಾಳೆಯಿಂದ ಬಿದ್ದೋರ ಮನೆಯವರೆಲ್ಲ ಬೆಂಚಿಗೆ ಬಂದ್ರೆ ಇನ್ನೂ ನಾಲ್ಕು ಬೆಂಚು ತರಿಸ್ಬೇಕಾಗುತ್ತೆ."

"ತರಿಸೋಣ ಸರ್."

"ಜಾಗ ತುಂಬಲು ಅನ್ನೋದನ್ನ ತೆಗೀತೀನಿ. ಮಾನ ಹೋಗುತ್ತೆ."

"ತೆಗೀಬೇಡಿ." ತನ್ನ ದನಿ ಇಷ್ಟು ಗಟ್ಟಿಯಾಗಿರುವುದು ಅವಳಿಗೆ ಬೇರೆ ಯಾರೋ ಮಾತಾಡಿದಂತೆ ಕೇಳಿಸಿತು. "ಕಾರಿನವರಿಗೆ ಮೊನ್ನೆ ಏನೂ ಕಂಡಿರ್ಲಿಲ್ಲ ಸರ್. ನಿನ್ನೆ ನಮ್ಮ ಪೇಪರ್ ಓದಿದ್ಮೇಲೆ ಅಡ್ಡ ಬಂದಿದ್ದು ನೆನಪಾಗಿದೆ. ನನ್ನ ಸಾಲು ಅವರ ನೆನಪಾಗಿದೆ. ಅದನ್ನ ಅವರ ತಲೆಯಿಂದ ತೆಗೆಯೋಕೆ ನನ್ನ ಕೈಲಾಗಲ್ಲ. ಇಲ್ಲಿಂದಾದ್ರೂ ತೆಗೀತೀನಿ."

ಕತ್ತರಿ ಸರ್ ಕಿವಿಯ ಹಿಂದಿನ ಕೆಂಪು ಪೆನ್ನು ತೆಗೆದರು. ಅದನ್ನು ಕೈಯಲ್ಲಿ ತಿರುಗಿಸಿದರು. ಎಂದೂ ಯಾರ ಬರಹವನ್ನೂ ಬಿಡದ ಆ ಪೆನ್ನು ಕಾಗದದ ಮೇಲೆ ಮೇಲಿನಿಂದ ಕೆಳಗೆ ಸುಮ್ಮನೆ ಹಾದುಹೋಗಿ, ಮತ್ತೆ ಕಿವಿಯ ಹಿಂದಕ್ಕೆ ಸೇರಿತು. "ಕೂರಿಸು," ಎಂದರು. ಅವಳು ಮೊದಲು ಸೊಟ್ಟ ಚಕ್ರದ ಚಿತ್ರವನ್ನು ಪುಟದಿಂದ ತೆಗೆದಳು. ಆಮೇಲೆ ಸಾಲುಗಳನ್ನು ಅದರ ಜಾಗಕ್ಕೆ ಹರಿಯಬಿಟ್ಟಳು. ಹರಿದು, ನಿಂತವು. ಚೌಕದ ತಳದಲ್ಲಿ ಮತ್ತೆ ಒಂದು ಬಿಳಿ ಪಟ್ಟಿ.

"ಒಂದು ಸಾಲು ಕಡಿಮೆ ಬಿತ್ತಲ್ಲ," ಎಂದರು ಅವರು ಬೆನ್ನ ಹಿಂದಿನಿಂದ. ರೂಢಿ ಬಾಯಿಬಿಡಿಸಿತು. "ಹೆಲ್ಮೆಟ್..." ಎಂದವರು ಅಲ್ಲೇ ನಿಲ್ಲಿಸಿದರು.

"ಖಾಲಿ ಇರ್ಲಿ ಸರ್."

"ಓದೋರು ತಪ್ಪಾಗಿದೆ ಅಂದ್ಕೋತಾರೆ."

"ಅಂದ್ಕೊಳ್ಳಿ."

ಪುಟದ ಕರಡು ಇನ್ನೂ ಬೆಚ್ಚಗಿತ್ತು. ಅವಳು ಅದನ್ನು ಬೆಂಚಿಗೆ ಒಯ್ದು ಆಕೆಯ ಮಡಿಲಲ್ಲಿ ಹರಡಿದಳು. ಆಕೆ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡಳು. ಅದರ ಗಾಜಿನಲ್ಲಿ ಒಂದು ಗೀರಿಲ್ಲ, ಒಂದು ಗುರುತಿಲ್ಲ, ಗಾಜೇ ಇಲ್ಲವೇನೋ ಎಂಬಷ್ಟು ತಿಳಿಯಾಗಿತ್ತು. ಬೆರಳಿಟ್ಟು ಒಂದೊಂದೇ ಸಾಲು ಓದಿದಳು, ತುಟಿಯಲ್ಲೇ. ಜಾಗ ತುಂಬಲು ಬರೆದ ಸಾಲು ಎಂಬಲ್ಲಿ ಬೆರಳು ನಿಂತಿತು, ಮತ್ತೆ ಹೊರಟಿತು. ಕೊನೆಯ ಸಾಲು ದಾಟಿ ಬಿಳಿ ಪಟ್ಟಿಗೆ ಬಂತು.

"ಇಲ್ಲೇನು?"

"ಅಲ್ಲಿ ಏನಾಯ್ತು ಅಂತ ಯಾರಿಗೂ ಗೊತ್ತಿಲ್ಲ ಅಮ್ಮ."

ಆಕೆ ಬೆರಳನ್ನು ತೆಗೆಯಲಿಲ್ಲ. ಪಟ್ಟಿಯ ಒಂದು ತುದಿಯಿಂದ ಇನ್ನೊಂದು ತುದಿಗೆ, ಗುರುತು ಬೀಳಬಾರದೆಂಬಂತೆ ಹಗುರವಾಗಿ, ಅಕ್ಷರವಿದ್ದರೆ ಎಷ್ಟು ಹೊತ್ತಾಗುತ್ತಿತ್ತೋ ಅಷ್ಟೇ ನಿಧಾನವಾಗಿ ಸವರಿಕೊಂಡು ಹೋದಳು.

"ಹೂಂ," ಎಂದಳು.